ಸರಪಳಿ ಮತ್ತು ದೊರೆ

ಆ ಲಾಯದಲ್ಲಿ ಇಬ್ಬರಿಗೆ ಎಲ್ಲರೂ ಹೆದರುತ್ತಿದ್ದರು. ಒಂದು, ದೊರೆ ಎಂಬ ಕಂದು ಬಣ್ಣದ ಗಂಡು ಕುದುರೆಗೆ. ಇನ್ನೊಂದು, ದೊರೆಯನ್ನು ನೋಡಿಕೊಳ್ಳುತ್ತಿದ್ದ ಮನುಷ್ಯನಿಗೆ. ಕುದುರೆಗೆ ಹೆಸರಿಟ್ಟವರು ಯಜಮಾನಿಯ ತೀರಿಕೊಂಡ ಗಂಡ. ಮನುಷ್ಯನಿಗೆ ‘ಸರಪಳಿ’ ಎಂಬ ಹೆಸರು ಯಾರಿಟ್ಟರೋ ಯಾರಿಗೂ ಗೊತ್ತಿಲ್ಲ. ಎಡಹೆಗಲ ಮೇಲೆ ಒಂದು ಮೊಳದ ಉಕ್ಕಿನ ಸರಪಳಿ ನೇತುಹಾಕಿಕೊಂಡೇ ಓಡಾಡುತ್ತಿದ್ದುದರಿಂದ ಸರಪಳಿ ಎಂದೇ ಆಗಿಹೋಗಿತ್ತು. ಎದುರಿಗೆ ಮಾತ್ರ ಎಲ್ಲರೂ ‘ಅಣ್ಣ’ ಅನ್ನುತ್ತಿದ್ದರು.

ಹೆಗಲ ಮೇಲಿನ ಆ ಸರಪಳಿ ಶೋಕಿಗಲ್ಲ. ದೊರೆಯ ಮುಖದ ಪಟ್ಟಿಯ ಬಳೆಯೊಳಗೆ ಅದನ್ನು ತೂರಿಸಿ, ಮೂಗಿನ ಮೇಲೆ ಹಾಯಿಸಿ ಹಿಡಿದರೆ, ಕುದುರೆ ಹೆಚ್ಚುಕಮ್ಮಿ ಮಾಡಿದಾಗ ಒಂದು ಜಗ್ಗು ಸಾಕು, ಮೂಗಿನ ಎಲುಬಿಗೆ ತಾಗುತ್ತದೆ. ಹನ್ನೊಂದು ವರ್ಷದಿಂದ ಅವನ ಬೆಳಗು ಒಂದೇ ರೀತಿ. ಕೋಣೆಯ ಬಾಗಿಲಿಗೆ ಕೋಲಿನಿಂದ ಮೂರು ಸಲ ಬಡಿಯುವುದು. “ಹಿಂದೆ” ಎಂದು ಗದರುವುದು. ದೊರೆ ಕಿವಿ ಮಲಗಿಸಿ, ಹಲ್ಲು ತೋರಿಸಿ, ಮುಂಗಾಲು ಒಮ್ಮೆ ನೆಲಕ್ಕೆ ಕುಟ್ಟಿ ಹಿಂದೆ ಸರಿಯುವುದು. ಇವನು ಗೋಡೆಗೆ ಬೆನ್ನು ಒತ್ತಿಕೊಂಡು ಎಡಗಡೆಯಿಂದ ಒಳಗೆ ನುಸುಳಿ ಸರಪಳಿ ಹಾಕುವುದು. ಅವನ ಮೈಮೇಲೆ ದೊರೆ ಕಚ್ಚಿದ ಏಳು ಗುರುತುಗಳಿದ್ದವು. ಯಾವುದು ಯಾವ ವರ್ಷದ್ದು, ಅವತ್ತು ಏನಾಗಿತ್ತು ಎಂದು ಶಾಲೆಯ ಪಾಠದ ಹಾಗೆ ಒಪ್ಪಿಸುತ್ತಿದ್ದ.

“ನನ್ನ ಬಿಟ್ಟು ಬೇರೆಯವರು ಒಳಗೆ ಕಾಲಿಟ್ಟರೆ, ವಾಪಸ್ ಬರೋದು ನಾಲ್ಕು ಜನರ ಹೆಗಲ ಮೇಲೇ” ಅನ್ನುತ್ತಿದ್ದ. ದೂರು ಹೇಳುವವನ ಧಾಟಿಯಲ್ಲಿ ಹೇಳಿದರೂ ಆ ಮಾತನ್ನು ಅವನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡಿದ್ದ ಎನ್ನುವುದು ಕೇಳಿದವರಿಗೆಲ್ಲ ಗೊತ್ತಿತ್ತು.

ಗಂಡ ಹೋದ ಮೇಲೆ ಯಜಮಾನಿ ಮರಿ ಮಾಡಿಸುವ ವ್ಯವಹಾರ ನಿಲ್ಲಿಸಿದರು. ಹೆಣ್ಣು ಕುದುರೆಗಳಲ್ಲಿ ಬೂದು ಬಣ್ಣದ ಒಂದನ್ನು ಇಟ್ಟುಕೊಂಡು ಉಳಿದವನ್ನು ಮಾರಿ, ಲಾಯವನ್ನು ಸವಾರಿ ಕಲಿಸುವ ಶಾಲೆ ಮಾಡಿದರು. ದೊರೆಗೆ ಕೆಲಸವೇ ಇಲ್ಲದಂತಾಯಿತು. ಕೆಲಸವಿಲ್ಲದ ಗಂಡಸು ಮನೆಯಲ್ಲಿ ಕೂತರೆ ಏನಾಗುತ್ತದೋ ಅದೇ ಆಯಿತು. ಒಂದು ದಿನ ಹುಲ್ಲು ಹಾಕುವವನು ಕಂಬಿಯ ಸಂದಿಯಿಂದ ಕೈ ತೂರಿಸಿದಾಗ ದೊರೆ ತೋಳು ಹಿಡಿದು ಎಳೆದು ಕಂಬಿಗೆ ಜಜ್ಜಿತು. ಎಲುಬು ಎರಡು ಕಡೆ ಮುರಿಯಿತು.

ಮರುದಿನ ಕುದುರೆಗಳ ಡಾಕ್ಟರಮ್ಮ ಬಂದರು. ಯಜಮಾನಿ, ಡಾಕ್ಟರಮ್ಮ, ಸರಪಳಿ ಮೂವರೂ ಆ ಕೋಣೆಯ ಎದುರು ನಿಂತರು.

“ಇವನ ಬೀಜ ತೆಗೆದುಬಿಡೋಣ” ಅಂದರು ಡಾಕ್ಟರಮ್ಮ.

“ಹದಿನಾಲ್ಕು ವರ್ಷದವನಿಗೆ ಈಗ ತೆಗೆದು ಏನು ಬಂತು?” ಅಂದ ಸರಪಳಿ. “ಹುಟ್ಟುಗುಣ ಸುಟ್ಟರೂ ಹೋಗಲ್ಲ.”

“ರಕ್ತದಲ್ಲಿರೋದು ಕೆಲವು ವಾರದಲ್ಲಿ ಇಳಿಯುತ್ತೆ. ತಲೆಯಲ್ಲಿರೋದು ನಿಧಾನ. ಮರಿ ಇದ್ದಾಗಲೇ ಮಾಡಿಸಿದ್ರೆ ಸುಲಭ ಇತ್ತು. ಇಷ್ಟು ವಯಸ್ಸಾದ ಮೇಲೆ ಕೆಲವರು ಪೂರ್ತಿ ತಣ್ಣಗಾಗ್ತಾರೆ, ಕೆಲವರಿಗೆ ಅದೇ ಅಭ್ಯಾಸ ಉಳಿದುಬಿಡುತ್ತೆ. ಆರು ತಿಂಗಳು ನೋಡಬೇಕು.”

“ಆರು ತಿಂಗಳಾದ್ಮೇಲೂ ಹೀಗೇ ಇದ್ರೆ?” ಅಂದ ಸರಪಳಿ.

ಡಾಕ್ಟರಮ್ಮ ಯಜಮಾನಿಯ ಮುಖ ನೋಡಿದರು. ಯಜಮಾನಿ ಕೆಟ್ಟವರಲ್ಲ. ಹೇಳುವ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಂಡರು.

“ಇಲ್ಲಿಗೆ ಇನ್ಮೇಲೆ ಸಣ್ಣ ಮಕ್ಕಳು ಬರ್ತಾರೆ. ಇನ್ನೊಬ್ಬರ ಮೂಳೆ ಮುರಿಯೋವರೆಗೂ ನಾನು ಕಾಯಕ್ಕಾಗಲ್ಲ. ಇಂಥವನನ್ನ ಮಾರೋದೂ ತಪ್ಪು, ನಮ್ಮ ತಲೆನೋವು ಇನ್ನೊಬ್ಬರ ಮನೆಗೆ ಸಾಗಿಸಿದ ಹಾಗೆ. ಸಾದಾ ಹಗ್ಗದಲ್ಲಿ ಬಯಲಿಗೆ ಬಂದು ಉಳಿದ ಕುದುರೆಗಳ ಜೊತೆ ನಿಂತರೆ ಇರಲಿ. ಇಲ್ಲದಿದ್ರೆ ಒಂದು ಇಂಜೆಕ್ಷನ್. ಅವನಿಗೆ ನೋವಾಗಲ್ಲ ಅಂತ ಡಾಕ್ಟ್ರು ಹೇಳಿದಾರೆ.”

ನನಗೆ ಆಗುತ್ತಲ್ಲ ಎಂಬ ಮಾತು ಸರಪಳಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಆ ಕುದುರೆಯನ್ನು ಅವನು ಪ್ರೀತಿಸುತ್ತಿದ್ದ. ಹನ್ನೊಂದು ವರ್ಷ ಒಂದು ದಿನ ತಪ್ಪದೆ ಮೈ ತಿಕ್ಕಿದ್ದ, ಗೊರಸು ಕೆರೆದಿದ್ದ, ಹೊಟ್ಟೆನೋವು ಬಂದಾಗ ಪಕ್ಕದಲ್ಲೇ ಮಲಗಿದ್ದ. ಹೊಡೆದೂ ಇದ್ದ. ಅವನ ಲೆಕ್ಕದಲ್ಲಿ ಅದೂ ಕೆಲಸದ ಒಂದು ಭಾಗವೇ ಆಗಿತ್ತು.

ಅರ್ಧ ಗಂಟೆಯಲ್ಲಿ ಆಪರೇಷನ್ ಮುಗಿಯಿತು. ಬಾವು ಇಳಿಯಲು ದಿನಕ್ಕೆ ಎರಡು ಹೊತ್ತು ನಡೆಸಬೇಕು, ತಣ್ಣೀರು ಬಿಡಬೇಕು, ಎರಡು ತಿಂಗಳು ಹೆಣ್ಣು ಕುದುರೆಯ ಹತ್ತಿರ ಸುಳಿಯಗೊಡಬಾರದು ಎಂದು ಹೇಳಿ ಡಾಕ್ಟರಮ್ಮ ಹೋದರು. ಸರಪಳಿ ಎಲ್ಲ ಮಾಡಿದ. ಪೈಪು ಹಿಡಿದು ನೀರು ಬಿಡುವಾಗ ಮಾತ್ರ ಆ ಕಡೆ ನೋಡದೆ ಆಕಾಶ ನೋಡುತ್ತಿದ್ದ. ಲದ್ದಿ ಎತ್ತುವವರು ‘ಮಾಜಿ ದೊರೆ’ ಎಂದು ಹೊಸ ಹೆಸರಿಟ್ಟು ನಕ್ಕಾಗ ಅವನು ತಿರುಗಿ ನೋಡಿದ ನೋಟಕ್ಕೆ ಆ ಹೆಸರು ಹುಟ್ಟಿದ ದಿನವೇ ಸತ್ತಿತು.

ಒಂದೊಂದೇ ಬದಲಾವಣೆ ಕಾಣಿಸತೊಡಗಿತು. ಮೊದಲು ಬದಲಾದದ್ದು ಲದ್ದಿ. ನಗಬೇಡಿ, ಕುದುರೆ ಸಾಕಿದವರಿಗೆ ಇದು ಗೊತ್ತು. ಗಂಡು ಕುದುರೆ ಒಂದೇ ಮೂಲೆಯಲ್ಲಿ ಲದ್ದಿ ಗುಡ್ಡೆ ಹಾಕುತ್ತದೆ, ಇದು ನನ್ನ ಜಾಗ ಎಂದು ಸಹಿ ಹಾಕಿದ ಹಾಗೆ. ಎರಡನೆಯ ತಿಂಗಳಿಗೆ ದೊರೆ ಎಲ್ಲೆಂದರಲ್ಲಿ ಹಾಕತೊಡಗಿತು. ಆಮೇಲೆ ಕೆನೆತ ಕಡಿಮೆಯಾಯಿತು. ಗಾಳಿಯಲ್ಲಿ ಮೂಗೆತ್ತಿ ಮೇಲ್ದುಟಿ ಮಡಚಿ ಹೆಣ್ಣಿನ ವಾಸನೆ ಹುಡುಕುವುದು ನಿಂತಿತು. ಉಬ್ಬಿಕೊಂಡಿದ್ದ ಕುತ್ತಿಗೆ ನಿಧಾನವಾಗಿ ಕರಗಿತು. ಮೂರನೆಯ ತಿಂಗಳಲ್ಲಿ ಅದನ್ನು ಒಂಟಿ ಕೋಣೆಯಿಂದ ತಂದು ಉಳಿದ ಕುದುರೆಗಳ ಸಾಲಿನಲ್ಲಿ, ‘ಅಜ್ಜ’ ಎಂದು ಕರೆಯುವ ಮುದಿ ಕುದುರೆಯ ಪಕ್ಕಕ್ಕೆ ಹಾಕಿದರು. ಒಂದು ಮಧ್ಯಾಹ್ನ ಕಿಟಕಿಯಿಂದ ಇಣುಕಿದ ಯಜಮಾನಿ ದೊರೆ ಕಾಲು ಚಾಚಿ ಮಲಗಿರುವುದನ್ನು ಕಂಡು ಸತ್ತೇಹೋಯಿತೇನೋ ಎಂದು ಗಾಬರಿಯಾದರು. ಅದು ಗೊರಕೆ ಹೊಡೆಯುತ್ತಿತ್ತು. ಹಗಲು ಹೊತ್ತಿನಲ್ಲಿ ಅದು ಮಲಗಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ಇಷ್ಟೆಲ್ಲ ಆದರೂ ಬೆಳಿಗ್ಗೆ ಸರಪಳಿ ಬಾಗಿಲು ಬಡಿದರೆ ಸಾಕು, ಹಳೆಯ ದೊರೆಯೇ ಎದ್ದು ನಿಲ್ಲುತ್ತಿತ್ತು. ಅದೇ ಮಲಗಿದ ಕಿವಿ, ಅದೇ ಹಲ್ಲು. ಉಕ್ಕಿನ ಕೊಂಡಿ ಮೂಗಿಗೆ ತಾಗಿದೊಡನೆ ಅದೇ ಮುಂಗಾಲಿನ ಏಟು. ನಾಲ್ಕನೆಯ ತಿಂಗಳು ಹೋಯಿತು, ಐದನೆಯದು ಬಂತು. ಅದನ್ನು ಹೊರಗೆ ತರುವವನು ಇವನೊಬ್ಬನೇ ಆದ್ದರಿಂದ, ಹೊರಗೆ ಬಂದಾಗಲೆಲ್ಲ ಅದು ಕುಣಿಯುತ್ತಿದ್ದುದನ್ನೇ ಎಲ್ಲರೂ ನೋಡಿದರು. ಯಜಮಾನಿ ತಲೆ ಅಲ್ಲಾಡಿಸುತ್ತಿದ್ದರು. ತಾನು ಹೇಳಿದ್ದೇ ನಿಜವಾಯಿತಲ್ಲ ಎಂದು ಸರಪಳಿಗೆ ಒಳಗೊಳಗೇ ಒಂದು ಹಾಳು ಸಮಾಧಾನ. ಅದರ ಬೆನ್ನಿಗೇ, ಹಾಗಾದರೆ ಇನ್ನು ಉಳಿದದ್ದು ಒಂದೇ ತಿಂಗಳು ಎಂಬ ಭಯ.

ಹೀಗಿರುವಾಗ ಅವನ ದವಡೆ ಹಲ್ಲು ಕೈಕೊಟ್ಟಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅರ್ಧ ದಿನ ರಜೆ ಹಾಕಿ ಹಲ್ಲು ಕೀಳಿಸಲು ಹೋದ.

ಅವತ್ತೇ ಅಜ್ಜನಿಗೆ ಲಾಳ ಹೊಡೆಯುವ ದಿನ. ಯಾವಾಗಲೂ ಬರುವ ಲಾಳದವನಿಗೆ ಸೊಂಟ ಹಿಡಿದಿತ್ತು, ತನ್ನ ಭಾವನನ್ನು ಕಳಿಸಿದ್ದ. “ಗೇಟಿನಿಂದ ಮೂರನೆ ಕೋಣೆ, ಕಂದು ಕುದುರೆ, ಹಸು ಇದ್ದ ಹಾಗೆ” ಎಂದು ಹೇಳಿದ್ದ. ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಮುಂದಿನ ಗೇಟಿಗೆ ಅವತ್ತು ಬಣ್ಣ ಬಳಿಯುತ್ತಿದ್ದರು. ಭಾವ ಹಿಂದಿನ ಗೇಟಿನಿಂದ ಬಂದ. ಸಾಲಿನಲ್ಲಿ ಕೋಣೆ ಆರು. ಹಿಂದಿನಿಂದ ಎಣಿಸಿದರೆ ಮೂರನೆಯದು ದೊರೆಯದು. ಅದೂ ಕಂದು.

ಸರಪಳಿ ಬಾಯಿಗೆ ಹತ್ತಿ ತುರುಕಿಸಿಕೊಂಡು, ಒಂದು ಕೆನ್ನೆ ಊದಿಸಿಕೊಂಡು ಮಧ್ಯಾಹ್ನ ಲಾಯಕ್ಕೆ ಬಂದ. ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಅಂಗಳದ ನಡುವೆ ದೊರೆ ನಿಂತಿದೆ. ಮೂಗಿನ ಮೇಲೆ ಸರಪಳಿ ಇಲ್ಲ. ಕಟ್ಟಿಯೂ ಇಲ್ಲ, ಸಾದಾ ಹಗ್ಗವೊಂದು ಹೊಸ ಲಾಳದವನ ಹೆಗಲ ಮೇಲೆ ಸುಮ್ಮನೆ ಬಿದ್ದಿದೆ. ಅವನು ಅದರ ಹಿಂಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಗುಂಯ್‌ಗುಡುತ್ತ ಸುತ್ತಿಗೆ ಹೊಡೆಯುತ್ತಿದ್ದಾನೆ.

ಕೂಗೋಣವೆಂದರೆ ಬಾಯಲ್ಲಿ ಹತ್ತಿ. ಕೂಗಿದರೂ ಕುದುರೆ ಬೆದರಿ ಅವನ ಮೇಲೇ ಹಾಯಬಹುದು. ಸರಪಳಿ ಗೋಡೆಗೆ ಒರಗಿ ನಿಂತ. ಹಾಗೆ ನಿಂತದ್ದರಿಂದಲೇ ಹನ್ನೊಂದು ವರ್ಷದಲ್ಲಿ ನೋಡದ್ದನ್ನು ನೋಡಿದ. ದೊರೆಯ ಕೆಳತುಟಿ ಜೋತುಬಿದ್ದಿತ್ತು. ಒಂದು ಕಿವಿ ಲಾಳದವನ ಕಡೆ, ಇನ್ನೊಂದು ಎಲ್ಲೋ. ಕಣ್ಣು ಅರ್ಧ ಮುಚ್ಚಿತ್ತು. ಸುತ್ತಿಗೆಯ ಪ್ರತಿ ಏಟಿಗೂ ಬಾಲ ಒಂದಿಷ್ಟು ಅಲ್ಲಾಡುತ್ತಿತ್ತು, ಅಷ್ಟೆ. ಪ್ರತಿ ಸಲ ಇದಕ್ಕೆ ಲಾಳ ಹೊಡೆಸಲು ಡಾಕ್ಟರಮ್ಮನಿಂದ ಮಂಪರಿನ ಇಂಜೆಕ್ಷನ್ ಕೊಡಿಸಬೇಕಾಗುತ್ತಿತ್ತು.

ಇನ್ನು ಸಾಕು, ಅದೃಷ್ಟವನ್ನು ಇದಕ್ಕಿಂತ ಎಳೆಯಬಾರದು ಎನಿಸಿತು ಅವನಿಗೆ. ಹೆಗಲಿನಿಂದ ಸರಪಳಿ ತೆಗೆದು ಮುಂದೆ ಹೆಜ್ಜೆ ಇಟ್ಟ. ಕೊಂಡಿಗಳು ಗಲಿರೆಂದವು.

ದೊರೆಯ ತಲೆ ಮೇಲಕ್ಕೆ ಹಾರಿತು. ಕಿವಿ ಮಲಗಿದವು. ಮುಂಗಾಲು ಗಾಳಿಯಲ್ಲಿ ಬೀಸಿತು. ಲಾಳದವನು ಹಿಂದಕ್ಕೆ ಬಿದ್ದು, ಮೊಳೆ ಉಗಿದು, ಮೊಣಕೈ ತರಚಿಕೊಂಡು ಎದ್ದ. ಸರಪಳಿ ಓಡಿ ಹೋಗಿ ಮೂಗಿಗೆ ಕೊಂಡಿ ಹಾಕಿ, ಜಗ್ಗಿ, ಕುಣಿಯುವ ಕುದುರೆಯನ್ನು ಕೋಣೆಗೆ ನೂಕಿ ಬಾಗಿಲು ಹಾಕಿದ.

ಲಾಳದವನು ಮೈ ಕೊಡವಿಕೊಳ್ಳುತ್ತ ಬಂದ. ಸಿಟ್ಟಿಗಿಂತ ಅವನ ಮುಖದಲ್ಲಿ ಬೇಸರ ಹೆಚ್ಚಿತ್ತು.

“ಯಾರು ಸ್ವಾಮಿ ನೀವು? ಮೂರು ಕಾಲು ಮುಗಿಸಿದ್ದೆ. ಪುಣ್ಯಾತ್ಮ ಕುರಿ ಹಾಗೆ ನಿಂತಿದ್ದ, ನೀವು ಬರೋವರೆಗೂ.”

ಸರಪಳಿ ಬಾಯಿಂದ ಹತ್ತಿ ತೆಗೆದ. ಇದು ಅಜ್ಜ ಅಲ್ಲ, ಇದು ದೊರೆ, ಐದು ತಿಂಗಳ ಹಿಂದೆ ಒಬ್ಬನ ತೋಳು ಮುರಿದವನು ಎಂದು ಹೇಳಿದ. ಲಾಳದವನು ಒಮ್ಮೆ ಕೋಣೆಯ ಕಡೆ, ಒಮ್ಮೆ ಇವನ ಕೈಯಲ್ಲಿದ್ದ ಸರಪಳಿಯ ಕಡೆ ನೋಡಿದ.

“ಇರಬಹುದು. ಆದ್ರೆ ಅದನ್ನ ನನಗೆ ಯಾರೂ ಹೇಳಿರ್ಲಿಲ್ಲ ನೋಡಿ. ಹಾಗಾಗಿ ನಾನೂ ಅವನಿಗೆ ಹೇಳ್ಲಿಲ್ಲ” ಅಂದ. ಆಮೇಲೆ ಉಳಿದ ಒಂದು ಕಾಲನ್ನು ನಾಳೆ ಮಾಡುತ್ತೇನೆಂದೂ, ನೀವು ಇಲ್ಲದ ಹೊತ್ತಿಗೆ ಬರುತ್ತೇನೆಂದೂ ಹೇಳಿ ಚೀಲ ಕಟ್ಟಿದ.

ಆ ಮಾತು ಹಲ್ಲು ಕಿತ್ತ ಗುಣಿಯಲ್ಲಿ ಕೂತ ಹಾಗೆ ಸರಪಳಿಯ ಬಾಯಲ್ಲೇ ಕೂತಿತು. ಮನೆಗೆ ನಡೆದು ಹೊರಟ. ಅವನ ಮನೆ ಓಣಿಯ ತಿರುವು ದಾಟಿದರೆ ಇಪ್ಪತ್ತು ಹೆಜ್ಜೆ. ಹೆಂಡತಿ ಅಂಗಡಿಗಳಿಗೆ ಸಮವಸ್ತ್ರ ಹೊಲಿದುಕೊಡುತ್ತಿದ್ದಳು. ಬೀದಿಯ ಕಡೆಯ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ. ತಿರುವು ದಾಟಿದಾಗ ಯಂತ್ರದ ಸದ್ದು ಕೇಳಿಸಿತು, ಅದರ ಜೊತೆಗೆ ಅವಳ ಹಾಡು. ಯಾವ ಹಾಡೋ, ತುಳಿಯುವ ಕಾಲಿಗೆ ತಕ್ಕಂತೆ ಏರಿ ಇಳಿಯುವ ಒಂದು ರಾಗ. ಅವನಿಗೆ ಅದು ಹೊಸದಲ್ಲ. ಮದುವೆಯಾದ ಮೂವತ್ತನಾಲ್ಕು ವರ್ಷದಿಂದಲೂ ಕೇಳುತ್ತಿದ್ದ. ಅವನು ಗೇಟಿನ ಚಿಲಕ ಎತ್ತಿದ. ಕಬ್ಬಿಣ ಕಿರ್ರೆಂದಿತು. ಹಾಡು ನಿಂತಿತು.

ಎಂದಿನಂತೆ ಒಳಗೆ ಹೋಗಲು ಆಗಲಿಲ್ಲ ಅವನಿಗೆ. ಎತ್ತಿದ ಚಿಲಕ ಕೈಯಲ್ಲೇ ಹಿಡಿದು ನಿಂತ. ಮೂವತ್ತನಾಲ್ಕು ವರ್ಷವೂ ಆ ಹಾಡು ಇಲ್ಲೇ, ಈ ಸದ್ದಿಗೇ ನಿಲ್ಲುತ್ತಿತ್ತು. ಅವನಿಗೆ ಗೊತ್ತಿದ್ದದ್ದು ಇಪ್ಪತ್ತು ಹೆಜ್ಜೆಯಷ್ಟು ಹಾಡು ಮಾತ್ರ.

ಇವನು ಒಂದು ಕಾಲದಲ್ಲಿ ಎಂಥ ಕೋಪಿಷ್ಠನಾಗಿದ್ದ ಎಂದು ಈಗ ಹೇಳಬೇಕು. ಹೆಂಡತಿಯ ಮೇಲೆ ಕೈ ಮಾಡಿದವನಲ್ಲ, ಅದೊಂದು ಪುಣ್ಯ. ಆದರೆ ತಟ್ಟೆ ಹಾರುತ್ತಿತ್ತು, ಬಾಗಿಲು ಬಡಿಯುತ್ತಿತ್ತು, ಬಾಯಿಗೆ ಹದ್ದುಬಸ್ತು ಇರಲಿಲ್ಲ. ಮಗಳು ಪುಸ್ತಕ ಹಿಡಿದು ಅಡುಗೆಮನೆಯ ಮೂಲೆ ಸೇರುತ್ತಿದ್ದಳು. ವಯಸ್ಸಾದ ಹಾಗೆ ಅದೆಲ್ಲ ತಾನಾಗಿ ಇಳಿಯಿತು. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಅವನು ದನಿ ಎತ್ತಿದ್ದೇ ಇಲ್ಲ. ತಾನು ಬದಲಾಗಿದ್ದೇನೆ, ಅದು ಎಲ್ಲರಿಗೂ ಗೊತ್ತಿದೆ ಎಂದೇ ಅವನು ತಿಳಿದಿದ್ದ. ಮಗಳು ಫೋನು ಮಾಡಿ, ಇವನು ಎತ್ತಿದರೆ, “ಅಪ್ಪಾ, ಅಮ್ಮನಿಗೆ ಕೊಡಿ” ಎನ್ನುವುದನ್ನು ಹೆಣ್ಣುಮಕ್ಕಳ ಸ್ವಭಾವ ಎಂದುಕೊಂಡಿದ್ದ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಕೇಳಿದ.

“ನಾನು ಗೇಟು ತೆಗೆದ ಕೂಡಲೆ ಯಾಕೆ ನಿಲ್ಲಿಸ್ತೀಯ?”

“ಏನನ್ನ?”

“ಹಾಡೋದನ್ನ.”

ಅವಳು ಲೋಟ ಕೆಳಗಿಟ್ಟಳು. “ನಿಲ್ಲಿಸ್ತೀನಾ?” ಅಂದಳು. ನಿಜಕ್ಕೂ ಯೋಚಿಸಿದಳು. “ಇರಬಹುದು. ನನಗೇ ಗೊತ್ತಿಲ್ಲ ರೀ. ಕಾಲು ತುಳಿಯುತ್ತೆ, ಬಾಯಿ ಹಾಡುತ್ತೆ, ಚಿಲಕದ ಸದ್ದಿಗೆ ಬಾಯಿ ನಿಲ್ಲುತ್ತೆ. ಮದುವೆಯಾದ ಹೊಸದರಲ್ಲಿ ಒಂದು ಸಲ ಹೇಳಿದ್ರಲ್ಲ, ಇದು ಮನೆಯೋ ಸಂತೆಯೋ ಅಂತ. ಅವತ್ತಿಂದ ಇರಬೇಕು.”

“ನಾನು ಹಾಗಂದಿದ್ದು ನೆನಪೇ ಇಲ್ಲ.”

“ನಿಮಗೆ ಯಾಕೆ ನೆನಪಿರುತ್ತೆ?” ಅಂದಳು. ಚುಚ್ಚಿ ಹೇಳಲಿಲ್ಲ, ಸಕ್ಕರೆ ಮುಗಿದಿದೆ ಎನ್ನುವ ಧಾಟಿಯಲ್ಲಿ ಹೇಳಿದಳು.

“ಕೋಪ ಮಾಡ್ಕೊಂಡು ಎಷ್ಟು ವರ್ಷ ಆಯ್ತು ನಾನು.”

“ಆಯ್ತು. ಆದ್ರೆ ನೀವು ಬಿಟ್ಟಿದ್ದು ನಿಮಗೆ ಗೊತ್ತು. ನನ್ನ ಕಿವಿಗೂ ಗೊತ್ತಾಗಬೇಕಲ್ಲ.”

ದೊರೆ ಕಚ್ಚಿದ ಏಳೂ ದಿನ ಅವನಿಗೆ ನೆನಪಿತ್ತು. ತಾನು ಕಚ್ಚಿದ ಒಂದು ದಿನವೂ ನೆನಪಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಅರವತ್ತೊಂದನೆಯ ವಯಸ್ಸಿನಲ್ಲಿ ಹೊಸದಾಗಿ ನಾಚಿಕೆಪಡುವುದು ಸುಲಭವಲ್ಲ, ಚಹಾ ಬಿಸಿಯಾಗಿದೆ ಎಂದು ನೆಪ ಹೇಳಿ ಮುಖ ಒರೆಸಿಕೊಂಡ. ಹೊರಡುವಾಗ ಸರಪಳಿಯನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ.

ಡಾಕ್ಟರಮ್ಮ ಬಂದು ತೀರ್ಮಾನ ಹೇಳುವುದಕ್ಕೆ ಇನ್ನು ಇಪ್ಪತ್ತಾರು ದಿನವಿತ್ತು. ಅವನು ಲಾಯಕ್ಕೆ ಹೋಗಿ, ಬಾಗಿಲು ಬಡಿಯದೆ, ಗದರದೆ, ದೊರೆಯ ಕೋಣೆಯ ಹೊರಗೆ ಬಕೆಟ್ ಬೋರಲು ಹಾಕಿ ಕೂತ. ಎದ್ದು ನಿಂತು ಕಿವಿ ಮಲಗಿಸಿದ ದೊರೆಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಹಲ್ಲು ತೋರಿಸಲು ಎದುರಾಳಿಯೇ ಎದ್ದು ಬರುತ್ತಿರಲಿಲ್ಲ. ಐದು ದಿನ ಹೀಗೆ ಕೂತದ್ದೇ ಆಯಿತು. ಹುಲ್ಲು ನೀರು ಸಂದಿಯಿಂದಲೇ ಕೊಡುತ್ತಿದ್ದ. ಯಜಮಾನಿ ಒಮ್ಮೆ ಬಂದು, “ಏನಣ್ಣ, ಕುದುರೆ ಕಂಡ್ರೆ ಕಾಲುನೋವಾ?” ಅಂದರು. “ಹೌದಮ್ಮ, ಇಷ್ಟು ವರ್ಷ ಆದ್ಮೇಲೆ ಗೊತ್ತಾಯ್ತು” ಅಂದ. ಅವನು ಹಾಸ್ಯಕ್ಕೆ ಉತ್ತರ ಕೊಟ್ಟದ್ದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು.

ಒಳಗೆ ಹೋಗುವುದೇ ದೊಡ್ಡ ಕಷ್ಟವಾಯಿತು. ಸರಪಳಿ ಇಲ್ಲದ ಹೆಗಲು ಬತ್ತಲೆಯಾದ ಹಾಗೆ. ಚಿಲಕಕ್ಕೆ ಕೈ ಹಾಕಿ, ಮತ್ತೆ ಬಕೆಟ್ ಮೇಲೆ ಬಂದು ಕೂರುತ್ತಿದ್ದ. ಇಷ್ಟು ವರ್ಷ ತನಗೆ ಈ ಕುದುರೆಯ ಭಯವೇ ಇಲ್ಲ ಎಂದು ಲೋಕಕ್ಕೆ ಹೇಳಿಕೊಂಡು ಬಂದಿದ್ದ. ಇದ್ದದ್ದು ಬರೀ ಭಯವೇ, ಅದು ಕೋಲು ಹಿಡಿದು ಗದರುತ್ತಿತ್ತು, ಅಷ್ಟೆ ಎನ್ನುವುದು ಅವನಿಗೆ ಆ ದಿನಗಳಲ್ಲಿ ತಿಳಿಯಿತು. ಕುದುರೆಯೂ ಅದನ್ನೇ ಮಾಡುತ್ತಿತ್ತೋ ಏನೋ.

ಬಡಿಯದೆ ಒಳಗೆ ಹೋದರೆ ಕುದುರೆ ಬೆಚ್ಚಬಹುದು, ಏನಾದರೂ ಸದ್ದು ಮಾಡಲೇಬೇಕು. ಲಾಳದವನ ಗುಂಯ್‌ಗುಡುವಿಕೆ ನೆನಪಾಯಿತು. ಅವನಿಗೆ ಯಾವ ಹಾಡೂ ಬರುತ್ತಿರಲಿಲ್ಲ, ಆ ಇಪ್ಪತ್ತು ಹೆಜ್ಜೆಯದೊಂದನ್ನು ಬಿಟ್ಟು. ಅದನ್ನೇ ಗಂಟಲಲ್ಲಿ ಗುನುಗಿದ. ಕತ್ತೆಗೂ ಕರುಣೆ ಬರುವಂಥ ಗಂಟಲು. ಚಿಲಕದ ಜಾಗ ಬಂದ ಕೂಡಲೆ ಹಾಡು ಮುಗಿಯುತ್ತಿತ್ತು. ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ.

ಹನ್ನೆರಡನೆಯ ದಿನ ಕೋಣೆಯೊಳಗೆ ನಿಂತು, ಗೋಡೆಗೆ ಬೆನ್ನು ಒತ್ತದೆ, ನೆಲ ನೋಡುತ್ತ ಗುನುಗುತ್ತಿದ್ದಾಗ ಹೆಗಲಿಗೆ ಬಿಸಿ ಉಸಿರು ತಾಗಿತು. ಈಗ ಕಚ್ಚುತ್ತದೆ, ಎಂಟನೆಯದು ಎಂದುಕೊಂಡ. ದೊರೆ ಅವನ ಎಡಹೆಗಲನ್ನು, ಸರಪಳಿ ಇರುತ್ತಿದ್ದ ಜಾಗವನ್ನು, ಬಹಳ ಹೊತ್ತು ಮೂಸಿತು. ಆಮೇಲೆ ಹಣೆಯನ್ನು ಅವನ ಬೆನ್ನಿಗೆ ಒತ್ತಿ ನಿಂತಿತು. ಹನ್ನೊಂದು ವರ್ಷದಲ್ಲಿ ಅವನು ಮುಟ್ಟದ ಒಂದು ಕೂದಲೂ ಆ ಕುದುರೆಯ ಮೈಮೇಲೆ ಇರಲಿಲ್ಲ. ಕಚ್ಚುವುದಕ್ಕಲ್ಲದೆ ಕುದುರೆ ತಾನಾಗಿ ಅವನನ್ನು ಮುಟ್ಟಿದ್ದು ಇದೇ ಮೊದಲು. ಅವನು ಅತ್ತ. ಯಾರೂ ನೋಡಲಿಲ್ಲ, ನೋಡಿದ್ದರೂ ಅವನು ಅವತ್ತು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ತೀರ್ಮಾನದ ದಿನ ಡಾಕ್ಟರಮ್ಮ ಬೆಳಿಗ್ಗೆ ಹತ್ತಕ್ಕೆ ಬಂದರು. ಕಾರಿನಿಂದ ಇಳಿಸಿದ ಚೀಲವನ್ನು ಕಟ್ಟೆಯ ಮೇಲಿಟ್ಟರು. ಅದರೊಳಗೆ ಏನಿದೆ ಎಂದು ಸರಪಳಿಗೆ ಗೊತ್ತಿತ್ತು. ಬಯಲಿನಲ್ಲಿ ಅಜ್ಜ ಮತ್ತು ಬೂದು ಹೆಣ್ಣು ಕುದುರೆ ಮೇಯುತ್ತಿದ್ದವು.

“ಸಾದಾ ಹಗ್ಗ. ಬಯಲೊಳಗೆ ಕರ್ಕೊಂಡು ಬಂದು ಹಗ್ಗ ನನ್ನ ಕೈಗೆ ಕೊಡಬೇಕು. ನನ್ನ ಜೊತೆನೂ ಹಾಗೇ ನಿಲ್ಲಬೇಕು” ಅಂದರು ಡಾಕ್ಟರಮ್ಮ.

ದೊರೆ ಅಂಗಳ ದಾಟಿತು. ಬಯಲಿನ ಗೇಟಿನವರೆಗೂ ತಲೆ ತಗ್ಗಿಸಿಕೊಂಡೇ ಬಂತು. ಯಜಮಾನಿ ಗೇಟು ತೆಗೆಯಲು ಮುಂದೆ ಬಂದರು. ಆ ಗೇಟಿಗೆ ಚಿಲಕವಿರಲಿಲ್ಲ, ಕಂಬಕ್ಕೆ ಸರಪಳಿ ಸುತ್ತಿ ಕೊಂಡಿ ಹಾಕಿರುತ್ತಿದ್ದರು. ದಿನಾ ನೋಡುವ ವಸ್ತು, ಅದಕ್ಕೇ ಯಾರಿಗೂ ಹೊಳೆದಿರಲಿಲ್ಲ. ಯಜಮಾನಿ ಕೊಂಡಿ ಬಿಚ್ಚಿದರು. ಸರಪಳಿ ಗಲಿರೆಂದು ಕಂಬದಿಂದ ಜಾರಿತು.

ದೊರೆಯ ತಲೆ ಮೇಲೆದ್ದಿತು. ಕಿವಿ ಹಿಂದಕ್ಕೆ ಹೋದವು. ಮುಂಗಾಲು ನೆಲ ಬಿಟ್ಟಿತು. ಅದೇ ಕ್ಷಣಕ್ಕೆ ಅವನ ಕೈ ಎಡಹೆಗಲಿಗೆ ಹಾರಿತು, ಬಾಯಿ ‘ಹಿಂದೆ’ ಎನ್ನಲು ತೆರೆಯಿತು. ಡಾಕ್ಟರಮ್ಮ ಒಂದು ಹೆಜ್ಜೆ ಹಿಂದೆ ಸರಿದರು.

ಖಾಲಿ ಹೆಗಲಿನಿಂದ ಅವನು ಕೈ ಇಳಿಸಿದ. ಹಗ್ಗ ಬಿಗಿಯಾಗಿತ್ತು, ಅದನ್ನು ಸಡಿಲ ಬಿಟ್ಟ. ಅದು ಅವನ ಜೀವನದಲ್ಲೇ ಕಷ್ಟದ ಕೆಲಸ. ಕುದುರೆಯ ಕಣ್ಣನ್ನು ನೋಡದೆ ಹುಲ್ಲನ್ನು ನೋಡಿದ. ತೆರೆದ ಬಾಯಿಂದ ಆ ಹಾಡನ್ನು ತೆಗೆದ. ಮೊದಲ ಸಲ ಹಾಡಿದಾಗ ಮುಂಗಾಲು ನೆಲಕ್ಕೆ ಬಂತು. ಚಿಲಕದ ಜಾಗ ತಲುಪಿ ಹಾಡು ಮುಗಿಯಿತು, ಮತ್ತೆ ಮೊದಲಿಂದ ಹಿಡಿದ. ಎರಡನೆಯ ಸಲಕ್ಕೆ ಒಂದು ಕಿವಿ ಅವನ ಕಡೆ ತಿರುಗಿತು. ಮೂರನೆಯದಕ್ಕೆ ದೊರೆ ಉದ್ದಕ್ಕೆ ಉಸಿರು ಬಿಟ್ಟು, ಅವನ ಹಿಂದೆ ಬಯಲಿಗೆ ಕಾಲಿಟ್ಟಿತು.

ಹಗ್ಗ ಡಾಕ್ಟರಮ್ಮನ ಕೈಗೆ ಹೋಯಿತು. ದೊರೆ ನಿಂತಿತ್ತು. ಹತ್ತು ನಿಮಿಷದ ಮೇಲೆ ಹಗ್ಗವನ್ನೂ ಬಿಚ್ಚಿದರು. ಬೂದು ಕುದುರೆ ಒಮ್ಮೆ ಬೆನ್ನು ತಿರುಗಿಸಿ ಹಿಂಗಾಲು ಝಾಡಿಸಿ ಎಚ್ಚರಿಕೆ ಕೊಟ್ಟಿತು. ದೊರೆ ದೊಡ್ಡವರ ಮನೆಗೆ ಬಂದವರಂತೆ ದೂರ ಸರಿದು, ಅಜ್ಜನ ಪಕ್ಕಕ್ಕೆ ಹೋಗಿ ಹುಲ್ಲಿಗೆ ಬಾಯಿ ಹಾಕಿತು.

“ಸಾಕು” ಅಂದರು ಯಜಮಾನಿ. ಡಾಕ್ಟರಮ್ಮ ಚೀಲವನ್ನು ತೆರೆಯದೆಯೇ ಕಾರಿಗೆ ಹಾಕಿದರು. ಹೋಗುವಾಗ ಕೇಳಿದರು, “ಅದ್ಯಾವ ಹಾಡಣ್ಣ? ಪೂರ್ತಿ ಹೇಳ್ಲೇ ಇಲ್ಲ.”

“ನನಗೆ ಅಷ್ಟೇ ಬರೋದು” ಅಂದ.

ಮಧ್ಯಾಹ್ನ ಓಣಿಯ ತಿರುವು ದಾಟಿದ. ಯಂತ್ರ ಓಡುತ್ತಿತ್ತು, ಹಾಡೂ ನಡೆಯುತ್ತಿತ್ತು. ಗೇಟಿನ ಹತ್ತಿರ ಬಂದು ಚಿಲಕಕ್ಕೆ ಕೈ ಹಾಕದೆ ನಿಂತು, ಕಿಟಕಿಯ ಕಡೆ ಕೇಳಿದ.

“ಮುಂದೆ ಹೇಗೆ?”

ಹಾಡು ನಿಂತಿತು. ಯಂತ್ರವೂ ನಿಂತಿತು. ಬಾಯಲ್ಲಿ ದಾರ ಕಚ್ಚಿಕೊಂಡ ಅವಳ ಮುಖ ಕಿಟಕಿಯಲ್ಲಿ ಕಾಣಿಸಿತು.

“ಏನಾಯ್ತು ದೊರೆಗೆ?”

“ಹುಲ್ಲು ಮೇಯ್ತಿದಾನೆ. ಅಜ್ಜನ ಪಕ್ಕ.” ಆಮೇಲೆ ಹೇಳಿದ, “ಹಾಡು ಮುಂದೆ ಹೇಗೆ ಅಂತ ಕೇಳಿದೆ. ನನಗೆ ಗೇಟಿನವರೆಗೆ ಮಾತ್ರ ಗೊತ್ತು.”

ಅವಳು ಅವನ ಮುಖವನ್ನೂ ಚಿಲಕದಿಂದ ದೂರವಿದ್ದ ಅವನ ಕೈಯನ್ನೂ ನೋಡಿದಳು. ಕಿಟಕಿಯಿಂದ ಸರಿದಳು. ಯಂತ್ರ ಶುರುವಾಯಿತು. ಬರೀ ಯಂತ್ರ. ಅವನು ಗೇಟಿನ ಹೊರಗಿನ ಕಲ್ಲಿನ ಮೇಲೆ ಕೂತ. ಎದುರುಮನೆಯವನು ಹಾದುಹೋಗುತ್ತ, “ಯಾಕಣ್ಣ, ಮನೆಯಲ್ಲಿ ಒಳಗೆ ಬಿಡ್ಲಿಲ್ವಾ?” ಅಂದ. ಇವನು ತುಟಿಯ ಮೇಲೆ ಬೆರಳಿಟ್ಟು ಅವನನ್ನು ಕಳಿಸಿದ. ಬಕೆಟ್ ಮೇಲೆ ಐದು ದಿನ ಕೂತವನಿಗೆ ಕಲ್ಲು ದೊಡ್ಡದಲ್ಲ. ಇವತ್ತು ಆಗದಿದ್ದರೆ ನಾಳೆ ಕೂರುತ್ತೇನೆ ಎಂದುಕೊಂಡ.

ಒಂದು ತೋಳು ಹೊಲಿಯುವಷ್ಟು ಹೊತ್ತು ಕಳೆದಿರಬೇಕು. ಯಂತ್ರದ ಸದ್ದಿನ ಕೆಳಗೆ ಅವಳ ದನಿ ಬಂತು, ಸಣ್ಣಗೆ, ಮೊದಲಿಂದ. ತಿರುವು, ಎದುರುಮನೆ, ಲೈಟುಕಂಬ, ಗೇಟು. ಅವನ ಮೈ ತಾನಾಗಿ ಬಿಗಿಯಿತು. ಹಾಡು ಗೇಟು ದಾಟಿತು.

ಮುಂದೆ ಇದ್ದದ್ದು ದೊಡ್ಡದೇನಲ್ಲ, ಎರಡೇ ಸಾಲು. ಮೂವತ್ತನಾಲ್ಕು ವರ್ಷ ಅವನು ಆ ಎರಡು ಸಾಲಿನ ಹೊರಗೆ ನಿಂತಿದ್ದ. ಮುಗಿದ ಮೇಲೆ ಒಳಗಿನಿಂದ, “ಎಷ್ಟು ಹೊತ್ತು ಕೂರ್ತೀರಿ ಬಿಸಿಲಲ್ಲಿ, ಬನ್ನಿ” ಅಂದಳು. ಆಮೇಲೆ ಅವನು ಎದ್ದು ಚಿಲಕ ಎತ್ತಿದ.